ಸುಟ್ಟದ್ದು ಎಷ್ಟು ಆಳಕ್ಕೆ?

ನಮ್ಮ ವಿಭಾಗದ ಕೊನೆಯ ಲ್ಯಾಬಿನಲ್ಲಿ ಯಾವಾಗಲೂ ದೀಪ ಆರಿರುತ್ತಿತ್ತು. ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದದ್ದು ಮಾನಿಟರಿನ ಬೆಳಕು, ಆಮೇಲೆ ಅದರ ಮುಂದೆ ಕೂತ ಮೇಡಂ. ಪ್ರಾಜೆಕ್ಟ್ ಕೇಳಿಕೊಂಡು ಹೋದಾಗ ಅವರು ನನ್ನ ಮಾರ್ಕ್ಸ್ ಕೇಳಲಿಲ್ಲ. ಟ್ರೇಯಲ್ಲಿದ್ದ ಹಂದಿಯ ಹೃದಯದ ತುಂಡೊಂದನ್ನು ಮುಂದೆ ಇಟ್ಟರು. ಅದರ ಮೇಲೆ ಬಟಾಣಿ ಗಾತ್ರದ ಜಾಗ ಬಿಳಿಚಿಕೊಂಡಿತ್ತು. "ಇಲ್ಲಿ ಸುಟ್ಟಿದ್ದೀವಿ. ಎಷ್ಟು ಆಳಕ್ಕೆ ಹೋಗಿದೆ, ಹೇಳ್ತೀಯಾ?" ನನಗೆ ಗೊತ್ತಾಗಲಿಲ್ಲ. "ಡಾಕ್ಟರಿಗೂ ಗೊತ್ತಾಗಲ್ಲ. ಅದಕ್ಕೇ ನಾವು ಇರೋದು," ಅಂದರು.

ಹೃದಯದ ಮೇಲಿನ ಕೋಣೆಗಳಲ್ಲಿ ವಿದ್ಯುತ್ ಸಂಕೇತಗಳು ದಾರಿ ತಪ್ಪಿ ಅಡ್ಡಾದಿಡ್ಡಿ ಓಡಿದರೆ ಬಡಿತ ಏರುಪೇರಾಗುತ್ತದೆ. ಅದಕ್ಕೆ ಇರುವ ಚಿಕಿತ್ಸೆಗಳಲ್ಲಿ ಒಂದು ಅಬ್ಲೇಷನ್. ತೊಡೆಯ ರಕ್ತನಾಳದ ಮೂಲಕ ಕ್ಯಾತಿಟರ್ ಅನ್ನುವ ತೆಳು ಕೊಳವೆ ಕಳಿಸಿ, ಅದರ ತುದಿಯಿಂದ ಸ್ನಾಯುವನ್ನು ಚುಕ್ಕೆ ಚುಕ್ಕೆಯಾಗಿ ಸುಡುತ್ತಾರೆ. ಸುಮಾರು 50 ಡಿಗ್ರಿ ದಾಟಿದರೆ ಸ್ನಾಯು ಸಾಯುತ್ತದೆ, ಸತ್ತ ಸ್ನಾಯು ಸಂಕೇತವನ್ನು ಮುಂದೆ ಬಿಡುವುದಿಲ್ಲ. ಬೇಲಿ ಹಾಕಿದ ಹಾಗೆ. ಆದರೆ ಗೋಡೆಯ ದಪ್ಪವೇ ಕೆಲವು ಮಿಲಿಮೀಟರ್. ಸುಟ್ಟದ್ದು ಆಚೆ ಬದಿಗೆ ಮುಟ್ಟದಿದ್ದರೆ ಸಂಕೇತ ಮತ್ತೆ ನುಸುಳುತ್ತದೆ. ಜಾಸ್ತಿ ಸುಟ್ಟರೆ ಗೋಡೆಯೇ ತೂತಾಗಬಹುದು. ಎಡಗಡೆಯ ಕೋಣೆಗೆ ಬೆನ್ನು ಹಚ್ಚಿಕೊಂಡೇ ಅನ್ನನಾಳ ಇದೆ, ಅದಕ್ಕೂ ಅಪಾಯ.

ಒಮ್ಮೆ ಮೇಡಂ ನನ್ನನ್ನು ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು. ಸೀಸದ ಏಪ್ರನ್ ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದೆವು. ಡಾಕ್ಟರ್ ಒಂದೊಂದು ಚುಕ್ಕೆ ಸುಟ್ಟ ಮೇಲೂ ಪರದೆಯ ಕಡೆ ನೋಡುತ್ತಿದ್ದರು. ಅಲ್ಲಿದ್ದದ್ದು ತುದಿಯ ಉಷ್ಣತೆ, ಪ್ರತಿರೋಧ, ಒತ್ತಡ. ಸ್ನಾಯುವಿನ ಒಳಗೆ ಏನಾಯಿತು ಅನ್ನುವುದು ಮಾತ್ರ ಅಲ್ಲಿರಲಿಲ್ಲ. ಪಕ್ಕದವರನ್ನು "ಸಾಕಲ್ವಾ?" ಅಂತ ಮೆಲ್ಲಗೆ ಕೇಳಿದರು. ಹೊರಗೆ ಬಂದ ಮೇಲೆ ಮೇಡಂ ಹೇಳಿದ್ದು ಇಷ್ಟೇ: "ಆ 'ಸಾಕಲ್ವಾ'ಗೆ ಉತ್ತರ ಕೊಡಬೇಕು. ಆಮೇಲಲ್ಲ, ಆಗಲೇ."

ಅವರು ನಂಬಿದ್ದು ಬೆಳಕನ್ನು. ಬೆಳಕಿನಿಂದ ಒಳಗಿನ ಪದರಗಳ ಚಿತ್ರ ತೆಗೆಯುವ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಅನ್ನುವ ವಿಧಾನ 1991ರಲ್ಲಿ ಬಂತು. ಮೊದಲು ಹೆಸರು ಮಾಡಿದ್ದು ಕಣ್ಣಿನ ಪರೀಕ್ಷೆಯಲ್ಲಿ. ಅಲ್ಟ್ರಾಸೌಂಡ್ ಶಬ್ದದ ಪ್ರತಿಧ್ವನಿ ಹಿಡಿಯುವ ಹಾಗೆ ಇದು ಒಳಗಿನಿಂದ ವಾಪಸ್ ಬರುವ ಬೆಳಕನ್ನು ಹಿಡಿಯುತ್ತದೆ. ಆದರೆ 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ, ಹೋಗಿ ಬರಲು ಬೆಳಕಿಗೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗವೂ ಬೇಡ. ಅದನ್ನು ಅಳೆಯುವ ಗಡಿಯಾರ ಎಲ್ಲಿದೆ? ಅದಕ್ಕೆ ಬೆಳಕನ್ನು ಎರಡಾಗಿ ಒಡೆದು, ಒಂದನ್ನು ಸ್ನಾಯುವಿಗೂ ಇನ್ನೊಂದನ್ನು ಕನ್ನಡಿಗೂ ಕಳಿಸಿ, ಎರಡೂ ವಾಪಸ್ ಬಂದು ಸೇರಿದಾಗ ಮೂಡುವ ಏರಿಳಿತದಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ನನಗೆ ಇವತ್ತಿಗೂ ಇದು ಬೆರಗು. ಇದರ ಮಿತಿಯನ್ನೂ ಮೇಡಂ ಮುಚ್ಚಿಡುತ್ತಿರಲಿಲ್ಲ. ಬೆಳಕು ಒಂದೆರಡು ಮಿಲಿಮೀಟರಿಗಿಂತ ಆಳಕ್ಕೆ ಇಳಿಯುವುದಿಲ್ಲ. ನಡುವೆ ರಕ್ತ ಬಂದರೆ ಚಿತ್ರ ಮಸುಕು. ಆದ್ದರಿಂದ ಕ್ಯಾತಿಟರಿನ ತುದಿ ಗೋಡೆಗೆ ಸರಿಯಾಗಿ ಅಂಟಿ ನಿಲ್ಲಬೇಕು.

ನನ್ನ ಪಾಲಿಗೆ ಬಂದದ್ದು ಫೈಬರ್ ಕತ್ತರಿಸುವ ಕೆಲಸ. ಬೆಳಕನ್ನು ಸಾಗಿಸುವ 125 ಮೈಕ್ರಾನ್ ದಪ್ಪದ ಗಾಜಿನ ಎಳೆ, ತಲೆಗೂದಲಿನ ಹಾಗೆ. ತುದಿ ಸ್ವಲ್ಪ ಓರೆಯಾದರೂ ಬೆಳಕು ಪೋಲು. ಮೇಡಂ ನನ್ನ ಬೆರಳು ಹಿಡಿದೇ ಕಲಿಸಿದರು. ಆಲ್ಕೊಹಾಲಿನಲ್ಲಿ ಒರೆಸು, ಉಸಿರು ಹಿಡಿ, ಬ್ಲೇಡ್ ಮುಟ್ಟಿಸು, ಎಳೆಯಬೇಡ. ಎಷ್ಟು ಎಳೆ ಹಾಳು ಮಾಡಿದರೂ ಅವರು ಬೈದದ್ದು ನೆನಪಿಲ್ಲ.

ಆ ರಾತ್ರಿ ಮಾತ್ರ ಚೆನ್ನಾಗಿ ನೆನಪಿದೆ. ಹೃದಯದ ಸ್ನಾಯು ಹಾಸಿನ ನೂಲಿನ ಹಾಗೆ ಸಾಲಾಗಿ ಜೋಡಿಸಿಕೊಂಡಿರುತ್ತದೆ. ಆ ಸಾಲಿನಿಂದಾಗಿ ಅದರೊಳಗೆ ಹೋಗುವ ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆ ಕಂಪಿಸುವ ದಿಕ್ಕು, ಬದಲಾಗುತ್ತಾ, ಪರದೆಯ ಮೇಲೆ ಕಪ್ಪು ಬಿಳುಪು ಪಟ್ಟಿಗಳು ಮೂಡುತ್ತವೆ. ಕಾಯಿಸಿದರೆ ಸಾಲು ಕೆಡುತ್ತದೆ, ಪಟ್ಟಿ ಅಳಿಯುತ್ತದೆ. ಮೇಡಂ ಸುಡುವ ಯಂತ್ರದ ಪೆಡಲ್ ಒತ್ತಿದರು. ಮೇಲಿನ ಪಟ್ಟಿ ಮಸುಕಾಯಿತು. ಆಮೇಲೆ ಅದರ ಕೆಳಗಿನದು. ಅಂಚು ನಿಧಾನವಾಗಿ ಕೆಳಗಿಳಿಯುವುದನ್ನು ನಾವಿಬ್ಬರೂ ಮಾತಿಲ್ಲದೆ ನೋಡಿದೆವು.

ತುಂಡನ್ನು ಅಡ್ಡಕ್ಕೆ ಕುಯ್ದು ಟಿಟಿಸಿ ಅನ್ನುವ, ಜೀವಂತ ಸ್ನಾಯುವಿಗೆ ಬಣ್ಣ ಹತ್ತಿಸುವ ದ್ರಾವಣದಲ್ಲಿ ಹಾಕಿದೆವು. ಜೀವ ಇದ್ದ ಕಡೆ ಕೆಂಪಾಯಿತು, ಸುಟ್ಟದ್ದು ಬಿಳಿಚಿಯೇ ಉಳಿಯಿತು. ನಾನು ಆಳ ಅಳೆದು ಹೇಳಿದೆ. ಪರದೆಯಲ್ಲಿ ಕಂಡದ್ದಕ್ಕೆ ಹೊಂದುತ್ತಿತ್ತು. ಮೇಡಂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಒಂದು ಸಾಕಾಗಲ್ಲ. ಮುಂದಿನ ತುಂಡು ಕೊಡು."