ಮಳೆಗಾಲದ ಜಗಲಿಯ ಸೈಕಲ್ ಸವಾರಿಗೆ ಮೊದಲ ಹಾದಿ

ಮಳೆ ಬಿರುಸಾಗುವ ಕಕ್ಕಡ ತಿಂಗಳು ಹಿಡಿದರೆ ನಮ್ಮ ಕೊಡಗಿನ ಕಡೆ ಸೈಕಲನ್ನು ಹೊರಗೆ ತೆಗೆಯುವ ಮಾತೇ ಇಲ್ಲ. ಪಾಚಿ ಕಟ್ಟಿದ ಡಾಂಬರು, ಹತ್ತು ಮಾರು ಮುಂದೆ ಕಾಣದ ಮಂಜು, ಯಾವ ತಿರುವಿನಲ್ಲಿ ಮರ ಬಿದ್ದಿದೆಯೋ ಎಂಬ ಅಂಜಿಕೆ, ಬೆಳಗಿನ ಜಾವ ತೋಟದಿಂದ ತೋಟಕ್ಕೆ ದಾಟುವ ಆನೆಗಳು, ಇವೆಲ್ಲ ಒಟ್ಟಾದ ಮೇಲೆ ಜಗಲಿಯಲ್ಲಿ ಟ್ರೇನರ್, ಅಂದರೆ ಸೈಕಲನ್ನು ನಿಂತಲ್ಲೇ ತುಳಿಯುವಂತೆ ಹಿಡಿದಿಡುವ ಸಾಧನ, ಹೂಡಿ, ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪರದೆಯ ಮೇಲಿನ ಊರುಗಳಲ್ಲಿ ಸವಾರಿ ಮಾಡುವುದೇ ವಾಸಿ ಎಂದು ನಾನು ತೀರ್ಮಾನಿಸಿ ಇದು ಮೂರನೆಯ ಮಳೆಗಾಲ. ಕಳೆದ ವಾರ ಗೋಣಿಕೊಪ್ಪದ ಭಾವನೂ ಯಾರಿಂದಲೋ ಒಂದು ಹಳೆಯ ಟ್ರೇನರ್ ಕೊಂಡು ತಂದು, ಅದೇ ಸಂಜೆ ಫೋನ್ ಮಾಡಿ, "ಅದರೊಳಗೆ ನೂರಾರು ರೋಡು ಉಂಟಲ್ಲ ಮಾರಾಯ, ಮೊದಲು ಯಾವುದನ್ನು ಹಿಡಿಯಲಿ?" ಎಂದು ಕೇಳಿದರು. ಫೋನಿನಲ್ಲಿ ಕೊಟ್ಟ ಉತ್ತರ ಅರ್ಧಂಬರ್ಧವಾಯಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಮಾಡಿದ ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ನಾವು ತುಳಿದಂತೆ ಪರದೆಯ ಮೇಲಿನ ಸವಾರನನ್ನು ಓಡಿಸುವ ಜ್ವಿಫ್ಟ್ ಎಂಬ ತಂತ್ರಾಂಶಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಾನು ಆರಿಸಿಕೊಂಡದ್ದು ಅದರ ಅತಿ ಹೆಸರುವಾಸಿ ಏರನ್ನು. ಫ್ರಾನ್ಸಿನ ಆಲ್ಪ್ ಡ್ಯುಯೆಜ್ ಎಂಬ ಬೆಟ್ಟದ ದಾರಿಯನ್ನು ಅನುಸರಿಸಿ ರೂಪಿಸಿದ ಈ ಹಾದಿಗೆ ಆಲ್ಪ್ ಡು ಜ್ವಿಫ್ಟ್ ಎಂದು ಹೆಸರು, ಉದ್ದ 12.2 ಕಿಲೋಮೀಟರ್, ಏರು 1,036 ಮೀಟರ್, ನಡುವೆ 21 ಹಿಮ್ಮುರಿ ತಿರುವುಗಳು. ತಲಕಾವೇರಿಯ ಏರನ್ನು ಸೈಕಲ್ಲಿನಲ್ಲಿ ಹತ್ತಿದವನಿಗೆ ಇದೇನು ಮಹಾ ಎಂಬ ಜಂಬವೇ ಆ ಆಯ್ಕೆಗೆ ಕಾರಣ. ಭಾಗಮಂಡಲದಿಂದ ತಲಕಾವೇರಿಗೆ ಇರುವುದು ಎಂಟು ಕಿಲೋಮೀಟರ್ ಎಂಬುದನ್ನಾಗಲಿ, ನಡುವೆ ನಾನು ಎಷ್ಟು ಸಲ ಇಳಿದು ನೀರು ಕುಡಿದಿದ್ದೆ ಎಂಬುದನ್ನಾಗಲಿ ಆಗ ನೆನಪು ಮಾಡಿಕೊಳ್ಳಲಿಲ್ಲ. ನಾಲ್ಕನೆಯ ತಿರುವು ದಾಟುವಷ್ಟರಲ್ಲಿ ಜಗಲಿಯ ನೆಲದ ಮೇಲೆ ಬೆವರಿನ ಕೆರೆಯಾಗಿತ್ತು. ಐದನೆಯದನ್ನು ನಾನು ನೋಡಲಿಲ್ಲ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ನನ್ನ ತೂಕ 70 ಕಿಲೋ, ಸೈಕಲಿನದು 10 ಕಿಲೋ. ಈ 80 ಕಿಲೋವನ್ನು 1,036 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 8,12,000 ಜೂಲ್. ಹೊಸಬನಾಗಿದ್ದ ನಾನು ನಿಲ್ಲಿಸದೆ ಕೊಡಬಲ್ಲ ಬಲ 110 ವಾಟ್, ಅಂದರೆ ಸೆಕೆಂಡಿಗೆ 110 ಜೂಲ್. ಭಾಗಿಸಿದರೆ ಎರಡು ಗಂಟೆ ಮೂರು ನಿಮಿಷ ಬರುತ್ತದೆ. ಟೈರಿನ ಉಜ್ಜಾಟ, ಗಾಳಿಯ ತಡೆ ಇವನ್ನು ಸೇರಿಸಿದರೆ ಇನ್ನೂ ಹೆಚ್ಚು. ವೇಗವಂತೂ ಗಂಟೆಗೆ ಆರು ಕಿಲೋಮೀಟರನ್ನು ಮುಟ್ಟುವುದಿಲ್ಲ. ಬಿರುಸಾಗಿ ನಡೆಯುವವರು ನಮ್ಮ ಪಕ್ಕದಲ್ಲೇ ಬರಬಹುದು. ಸಮುದ್ರಮಟ್ಟದಿಂದ ಮಡಿಕೇರಿಗೆ ಇರುವ ಎತ್ತರಕ್ಕಿಂತ ತುಸುವೇ ಕಡಿಮೆಯಿರುವ ಏರನ್ನು ಹನ್ನೆರಡು ಕಿಲೋಮೀಟರಿನಲ್ಲಿ ಮುಗಿಸುತ್ತೇನೆ ಎಂದು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಹಾದಿಯ ಹೆಸರನ್ನೂ ಚಿತ್ರವನ್ನೂ ನೋಡಿ ಆರಿಸುವ ಬದಲು, ಅದು ನನ್ನ ಕಾಲಿಗೆ ಎಷ್ಟು ಹೊತ್ತಿನ ಕೆಲಸ ಎಂದು ಮೊದಲು ಅಂದಾಜಿಸುವ ಅಭ್ಯಾಸ ನನಗೆ ಬಂದದ್ದು ಆ ಲೆಕ್ಕದಿಂದ.

ಹೊಸಬರಿಗೆ ಏರು ಬೇಡ, ಸಮತಟ್ಟು ಹಾದಿ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಅದು ಸುಲಭವಾದ್ದರಿಂದ ಹಾಗೆ ಹೇಳುತ್ತಾರೆ ಎಂದು ನಾನು ತಿಳಿದಿದ್ದೆ. ಕೊಡಗಿನವರಿಗೆ ಅದು ಬೇಕಾಗಿರುವ ಕಾರಣ ಬೇರೆಯೇ ಇದೆ. ಕುಶಾಲನಗರದ ಕಡೆಯನ್ನು ಬಿಟ್ಟರೆ ನಮ್ಮಲ್ಲಿ ಸಮತಟ್ಟು ಎಂದರೆ ಗದ್ದೆ ಮಾತ್ರ; ರಸ್ತೆಗಳೆಲ್ಲ ಏರು, ಇಳಿತ, ತಿರುವು. ಎರಡು ನಿಮಿಷ ಜೀವ ಹಿಡಿದು ಹತ್ತುತ್ತೇವೆ, ಮುಂದಿನ ಎರಡು ನಿಮಿಷ ಬ್ರೇಕ್ ಹಿಡಿದು ಇಳಿಯುತ್ತೇವೆ. ಅಷ್ಟರಲ್ಲಿ ಎದುರಿಗೆ ಬಸ್ಸು ಬಂದರೆ ಕಾಲು ಕೆಳಗಿಟ್ಟು ನಿಲ್ಲುತ್ತೇವೆ. ಹತ್ತು ನಿಮಿಷ ಒಂದೇ ಸಮನೆ, ಒಂದೇ ಲಯದಲ್ಲಿ, ಒಂದೇ ಬಲದಲ್ಲಿ ಪೆಡಲ್ ತುಳಿಯುವ ಅವಕಾಶವನ್ನು ಈ ರಸ್ತೆಗಳು ಕೊಡುವುದೇ ಇಲ್ಲ. ಆದ್ದರಿಂದ ಏರು ಹತ್ತುವ ಛಲವಿದ್ದರೂ ಲಯ ಹಿಡಿಯುವ ಪಾಠ ನಮಗೆ ಆಗಿರುವುದಿಲ್ಲ. ಮನೆಯ ಮುಂದಿನ ರಸ್ತೆ ಯಾವುದನ್ನು ಕಲಿಸಲಾರದೋ ಅದನ್ನು ಕಲಿಸುವ ಹಾದಿಯನ್ನು ಪರದೆಯ ಮೇಲೆ ಆರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಸಮತಟ್ಟು ಹಾದಿಗೂ ಒಂದು ಕಷ್ಟವಿದೆ. ಜ್ವಿಫ್ಟಿನ ಕಲ್ಪಿತ ದ್ವೀಪವಾದ ವಾಟೋಪಿಯಾದಲ್ಲಿ ಟೆಂಪಸ್ ಫ್ಯೂಜಿಟ್ ಎಂಬ ಹಾದಿಯಿದೆ; ಹದಿನೇಳು ಕಿಲೋಮೀಟರಿಗೆ ಒಟ್ಟು ಏರು 30 ಮೀಟರನ್ನೂ ಮುಟ್ಟುವುದಿಲ್ಲ. ಮರುಭೂಮಿಯ ನಡುವೆ ಹೋಗಿ, ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಬರುವ ರಸ್ತೆ ಅದು. ಹೊರಗೆ ಸೂರಿನಿಂದ ನೀರು ಧೋ ಎಂದು ಸುರಿಯುತ್ತಿರುವಾಗ ಪರದೆಯ ತುಂಬ ಒಣ ಬಿಸಿಲನ್ನು ನೋಡುವುದರಲ್ಲಿ ಒಂದು ಸುಖವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಇಳಿಜಾರೇ ಇಲ್ಲದ ಕಡೆ ಕಾಲಿಗೆ ಬಿಡುವೂ ಇಲ್ಲ. ಪೆಡಲ್ ನಿಲ್ಲಿಸಿದರೆ ಸೈಕಲ್ಲೂ ನಿಧಾನವಾಗಿ ನಿಂತುಬಿಡುತ್ತದೆ. ಹೊರಗಿನ ಸವಾರಿಯಲ್ಲಿ ನಮಗೆ ಅರಿವಿಲ್ಲದೆಯೇ ಸೀಟಿನಿಂದ ಏಳುತ್ತೇವೆ, ವಾಲುತ್ತೇವೆ, ಕೈ ಬದಲಿಸುತ್ತೇವೆ. ಟ್ರೇನರ್ ಮೇಲೆ ಸೈಕಲ್ ಅಲುಗಾಡುವುದಿಲ್ಲವಾದ್ದರಿಂದ ಒಂದೇ ಭಂಗಿಯಲ್ಲಿ ಕುಳಿತು ಕುಂಡಿ ಮರಗಟ್ಟುತ್ತದೆ. ಆ ಲ್ಯಾಟಿನ್ ಹೆಸರಿಗೆ ಕಾಲ ಓಡುತ್ತದೆ ಎಂದು ಅರ್ಥವಂತೆ. ಇಪ್ಪತ್ತೈದನೆಯ ನಿಮಿಷದಿಂದ ಮುಂದೆ ನನಗೆ ಕಾಲ ತೆವಳುತ್ತಿರುವಂತೆ ಕಂಡಿತು.

ಹಾಗಾಗಿ ನನ್ನ ಮೊದಲ ಶಿಫಾರಸು ವಾಟೋಪಿಯಾದ ವೊಲ್ಕೆನೊ ಫ್ಲಾಟ್. ಉದ್ದ ಸುಮಾರು 12 ಕಿಲೋಮೀಟರ್, ಒಟ್ಟು ಏರು 50 ಮೀಟರಿನ ಆಸುಪಾಸು. ಜ್ವಾಲಾಮುಖಿಯ ಒಳಗಿನಿಂದ ಹಾಯ್ದು ಹೋಗುವುದರಿಂದ ನೋಡಲು ಏನಾದರೊಂದು ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಲ್ಲಿ ಬರುವ ಸಣ್ಣ ಉಬ್ಬುಗಳನ್ನು ಏರುವಾಗ ಒಮ್ಮೆ ಎದ್ದು ನಿಂತು ತುಳಿಯಬಹುದು, ಇಳಿಯುವಾಗ ಒಂದು ಗುಟುಕು ನೀರು ಕುಡಿಯಬಹುದು. ಹೊಸಬನ ಕಾಲಿಗೆ ಅರ್ಧ ಗಂಟೆಯ ಆಚೀಚೆ ಮುಗಿಯುತ್ತದೆ. ಇದನ್ನು ನಾಲ್ಕೈದು ಸಲ, ಏದುಸಿರು ಬಿಡದೆ, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡಬಲ್ಲಷ್ಟು ಹದದಲ್ಲಿ ಮುಗಿಸಿದ ಮೇಲೆ ಟೆಂಪಸ್ ಫ್ಯೂಜಿಟ್‌ಗೆ ಹೋದರೆ ಅದರ ಏಕತಾನ ಅಷ್ಟು ಬಾಧಿಸುವುದಿಲ್ಲ. ಅದಾದ ನಂತರ ಹಿಲ್ಲಿ ರೂಟ್ ಇದೆ. 9 ಕಿಲೋಮೀಟರಿಗೆ ನೂರು ಮೀಟರಿನ ಸುತ್ತ ಏರು, ಅದರಲ್ಲಿ ಸುಮಾರು ಅರ್ಧ ಪಾಲು ಒಂದು ಕಿಲೋಮೀಟರಿಗೂ ಚಿಕ್ಕದಾದ ಒಂದೇ ದಿಬ್ಬದಲ್ಲಿ. ಹೆಸರಿಗೆ ಹೆದರಬೇಕಾಗಿಲ್ಲ. ನಮ್ಮ ಕಡೆ ಅದನ್ನು ಯಾರೂ ಬೆಟ್ಟ ಎನ್ನುವುದಿಲ್ಲ.

ಪಟ್ಟಿಯಲ್ಲಿ ಕಾಣುವ ದೂರವೇ ಪೂರ್ತಿ ದೂರವಲ್ಲ ಎಂಬುದು ಗಮನದಲ್ಲಿರಲಿ. ಹೊರಡುವ ಜಾಗದಿಂದ ಸುತ್ತು ಶುರುವಾಗುವ ಗೆರೆಯವರೆಗೆ ಇರುವ ದಾರಿಯನ್ನು ಲೀಡ್-ಇನ್ ಎನ್ನುತ್ತಾರೆ. ಕೆಲವು ಹಾದಿಗಳಲ್ಲಿ ಅದು ಎರಡು ಮೂರು ಕಿಲೋಮೀಟರ್ ಇರುತ್ತದೆ, ಸುತ್ತಿನ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಊರಿನಲ್ಲಿ ಇದು ಸಣ್ಣ ವಿಷಯ. ಮಳೆಗಾಲದ ಕೊಡಗಿನಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದು, ಮತ್ತು ಹಾದಿ ಮುಗಿಸಿದ್ದಕ್ಕೆ ಸಿಗುವ ಬ್ಯಾಡ್ಜ್ ಬೇಕಿದ್ದರೆ ಅದನ್ನು ಒಂದೇ ಸವಾರಿಯಲ್ಲಿ ಮುಗಿಸಬೇಕು. ಹೋದ ವರ್ಷ ಹದಿನಾರನೆಯ ಕಿಲೋಮೀಟರಿನಲ್ಲಿ ಟ್ರೇನರ್ ಸತ್ತುಬಿದ್ದು, ಪರದೆಯಲ್ಲಿ ನನ್ನ ಸವಾರ ನಡುರಸ್ತೆಯಲ್ಲಿ ನಿಂತುಹೋದ ಮೇಲೆ, ಗಾಳಿ ಜೋರಿದ್ದ ದಿನ ನಾನು ಚಿಕ್ಕ ಸುತ್ತುಗಳನ್ನೇ ಹಿಡಿಯುತ್ತೇನೆ. ಲಂಡನ್ನಿನ ಕ್ಲಾಸೀಕ್, ಪ್ಯಾರಿಸ್ಸಿನ ಶಾಂಜೆಲೀಜೆ, ಅಮೆರಿಕದ ರಿಚ್‌ಮಂಡ್ ನಗರದ ಫ್ಯಾನ್ ಫ್ಲಾಟ್ಸ್, ಇವೆಲ್ಲ ಐದರಿಂದ ಏಳು ಕಿಲೋಮೀಟರಿನ ಒಳಗಿನ ಸುತ್ತುಗಳು. ರಿಚ್‌ಮಂಡ್ ಹಾದಿಗಳಂತೂ 2015ರ ವಿಶ್ವ ಚಾಂಪಿಯನ್‌ಶಿಪ್ ನಡೆದ ನಿಜವಾದ ಬೀದಿಗಳ ಪ್ರತಿರೂಪ. ವಾಟೋಪಿಯಾದಂತೆ ಈ ಊರುಗಳು ಸದಾ ತೆರೆದಿರದೆ ಸರದಿಯ ಮೇಲೆ ಬರುತ್ತವಾದ್ದರಿಂದ, ಹೊರಡುವ ಮುನ್ನ ಆ ದಿನ ಯಾವುದಿದೆ ಎಂದು ನೋಡಿಕೊಳ್ಳಬೇಕು.

ಹಾದಿಯ ಆಯ್ಕೆಯಷ್ಟೇ ಮುಖ್ಯವಾದ, ಆದರೆ ಹೊಸಬರು ಮುಟ್ಟಿಯೂ ನೋಡದ ಒಂದು ಸೆಟ್ಟಿಂಗ್ ಇದೆ. ಅದಕ್ಕೆ ಟ್ರೇನರ್ ಡಿಫಿಕಲ್ಟಿ ಎಂದು ಹೆಸರು. ತಾನಾಗಿಯೇ ತಡೆ ಬದಲಿಸುವ ಸ್ಮಾರ್ಟ್ ಟ್ರೇನರ್ ನಿಮ್ಮಲ್ಲಿದ್ದರೆ, ಪರದೆಯ ಮೇಲಿನ ಏರಿನಲ್ಲಿ ಎಷ್ಟು ಪಾಲು ಕಾಲಿಗೆ ತಿಳಿಯಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. ಮೊದಲಿನಿಂದ ಅದು ಅರ್ಧಕ್ಕೆ ಇರುತ್ತದೆ. ಅಂದರೆ ಶೇಕಡಾ 8ರ ಏರು ಕಾಲಿಗೆ ಶೇಕಡಾ 4ರಷ್ಟು ತಿಳಿಯುತ್ತದೆ. ಇದನ್ನು ಮೋಸವೆಂದು ಭಾವಿಸಿ ಪೂರ್ತಿಗೆ ಏರಿಸಿದವರಲ್ಲಿ ನಾನೂ ಒಬ್ಬ. ವಾಸ್ತವದಲ್ಲಿ ಈ ಸೆಟ್ಟಿಂಗ್‌ನಿಂದ ಏರಿನ ಒಟ್ಟು ಕೆಲಸ ಒಂದು ಜೂಲಿನಷ್ಟೂ ಕಡಿಮೆಯಾಗುವುದಿಲ್ಲ. ಪರದೆಯ ಮೇಲಿನ ವೇಗವನ್ನು ನಿಮ್ಮ ವಾಟ್, ನಿಮ್ಮ ತೂಕ ಮತ್ತು ನಿಜವಾದ ಏರಿನ ಮೇಲೆಯೇ ಲೆಕ್ಕ ಹಾಕಲಾಗುತ್ತದೆ. ಬದಲಾಗುವುದು ಗೇರು ಮಾತ್ರ. ಮುಂದೆ 34, ಹಿಂದೆ 28 ಹಲ್ಲಿನ ಹಗುರ ಗೇರಿನಲ್ಲಿ 110 ವಾಟ್ ಕೊಟ್ಟು ಆ ಆಲ್ಪ್ ಏರನ್ನು ಪೂರ್ತಿ ಸೆಟ್ಟಿಂಗ್‌ನಲ್ಲಿ ಹತ್ತಿದರೆ ಪೆಡಲ್ ನಿಮಿಷಕ್ಕೆ 40 ಸುತ್ತೂ ತಿರುಗುವುದಿಲ್ಲ, ಮೊಣಕಾಲು ನರಳುತ್ತದೆ. ಅರ್ಧದಲ್ಲಿಟ್ಟರೆ 70ರ ಹತ್ತಿರ ತಿರುಗುತ್ತದೆ. ಹೊಸಬರು ಅದನ್ನು ಅರ್ಧದಲ್ಲೇ, ಬೇಕಿದ್ದರೆ ಇನ್ನೂ ಕೆಳಗೆ ಇಟ್ಟುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಭಾವನ ಟ್ರೇನರ್ ಈ ಜಾತಿಯದಲ್ಲ. ಹಿಂದಿನ ಚಕ್ರವನ್ನು ಉರುಳೆಗೆ ಒತ್ತಿ ನಿಲ್ಲಿಸುವ, ಚಕ್ರ ಜೋರಾಗಿ ತಿರುಗಿದಷ್ಟೂ ತಡೆ ಹೆಚ್ಚುವ ಹಳೆಯ ಮಾದರಿ. ಚಕ್ರಕ್ಕೆ ವೇಗದ ಸೆನ್ಸರ್ ಕಟ್ಟಿದರೆ ತಂತ್ರಾಂಶವು ಆ ವೇಗದಿಂದ ವಾಟ್ ಎಷ್ಟೆಂದು ಅಂದಾಜು ಮಾಡಿಕೊಳ್ಳುತ್ತದೆ. ಪರದೆಯಲ್ಲಿ ಏರು ಬಂದಾಗ ಕಾಲಿಗೆ ಏನೂ ಗೊತ್ತಾಗುವುದಿಲ್ಲ, ಪರದೆಯ ಸವಾರ ಮಾತ್ರ ನಿಧಾನವಾಗುತ್ತಾನೆ. ಇಂಥ ಟ್ರೇನರ್ ಇದ್ದವರು ಏರಿನ ಹಾದಿಗೆ ಹೋದರೆ ಕಾಲಿಗೆ ಯಾವ ಹೊಸ ಪಾಠವೂ ಸಿಗದೆ, ದೂರ ಸರಿಯುತ್ತಿಲ್ಲವಲ್ಲ ಎಂಬ ಬೇಸರವಷ್ಟೇ ಸಿಗುತ್ತದೆ. ಅವರಿಗೆ ಸಮತಟ್ಟು ಹಾದಿಯೇ ನ್ಯಾಯ. ಹಾಗೆಯೇ, ಸ್ಮಾರ್ಟ್ ಟ್ರೇನರ್ ಇರುವವರು ಅರ್ಗ್ ಮೋಡಿನಲ್ಲಿ ನಿಗದಿತ ವ್ಯಾಯಾಮ ಮಾಡುವ ದಿನ ಹಾದಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಗ ಏರೋ ಇಳಿತವೋ, ಟ್ರೇನರ್ ಹೇಳಿದಷ್ಟೇ ವಾಟನ್ನು ಹಿಡಿದಿಡುತ್ತದೆ, ಹಾದಿ ಬರಿಯ ಕಿಟಕಿಯ ನೋಟವಾಗುತ್ತದೆ.

ಬೇರೆ ತಂತ್ರಾಂಶಗಳ ಬಗ್ಗೆಯೂ ಭಾವ ಕೇಳಿದ್ದರು. ರೂವಿಯಲ್ಲಿ ನಿಜವಾದ ರಸ್ತೆಗಳ ವಿಡಿಯೊಗಳೇ ಹಾದಿ. ನೋಡಲು ಬಹಳ ಚೆನ್ನ. ಆದರೆ ಅವು ಮೊದಲೇ ಚಿತ್ರಿಸಿದ ವಿಡಿಯೊಗಳಾದ್ದರಿಂದ, ನಾವು ಏರಿನಲ್ಲಿ ನಿಧಾನವಾದಂತೆ ಚಿತ್ರವೂ ನಿಧಾನವಾಗಿ, ಎದುರಿನ ಕಾರುಗಳು ಬಸವನಹುಳುವಿನಂತೆ ಹರಿಯುತ್ತವೆ. ಸಮತಟ್ಟು ಹಾದಿಗಳಲ್ಲಿ ಈ ತೊಂದರೆ ಕಡಿಮೆ. ವಿಡಿಯೊ ಹರಿದು ಬರಲು ಒಳ್ಳೆಯ ಇಂಟರ್ನೆಟ್ ಬೇಕೆಂಬುದು ತೋಟದ ಮನೆಗಳಿಗೆ ಇನ್ನೊಂದು ತೊಡಕು. ಜ್ವಿಫ್ಟಿನ ಲೋಕ ಒಮ್ಮೆ ಕಂಪ್ಯೂಟರಿಗೆ ಇಳಿದ ಮೇಲೆ ಸವಾರಿಯ ಹೊತ್ತಿನಲ್ಲಿ ಹೆಚ್ಚು ಡೇಟಾ ತಿನ್ನುವುದಿಲ್ಲ. ತಿಂಗಳ ಶುಲ್ಕ ಬೇಡ ಎನ್ನುವವರಿಗೆ ಅಬುಧಾಬಿಯ ಮೈವೂಶ್ ಪೂರ್ತಿ ಉಚಿತ. ಅದರಲ್ಲಿ ನಾನು ಓಡಿಸಿದ್ದು ಕಡಿಮೆ. ಆದರೆ ದೂರ, ಒಟ್ಟು ಏರು ಎಂಬ ಎರಡು ಅಂಕೆಗಳನ್ನು ಓದಿ ಆರಿಸುವ ಕ್ರಮ ಅಲ್ಲಿಯೂ ನಡೆಯುತ್ತದೆ. ನಾನು ಇಟ್ಟುಕೊಂಡಿರುವ ಅಳತೆಯೆಂದರೆ, ಮೊದಲ ತಿಂಗಳು ಕಿಲೋಮೀಟರಿಗೆ 5 ಮೀಟರಿಗಿಂತ ಹೆಚ್ಚು ಏರು ಬೇಡ, ನಲವತ್ತು ನಿಮಿಷಕ್ಕಿಂತ ಉದ್ದ ಬೇಡ. ಇದು ಯಾವ ಶಾಸ್ತ್ರವೂ ಅಲ್ಲ, ನನ್ನ ಮೊಣಕಾಲು ಒಪ್ಪಿದ ಲೆಕ್ಕ.

ಹಾದಿ ಎಷ್ಟೇ ಸುಲಭವಿರಲಿ, ಫ್ಯಾನ್ ಇಲ್ಲದೆ ಹತ್ತಬಾರದು. ಜುಲೈ ತಿಂಗಳ ನಮ್ಮ ಗಾಳಿಯಲ್ಲಿ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ, ಇನ್ನು ಮೈಯ ಬೆವರು ಆರುವುದೆಲ್ಲಿಂದ? ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೈ ತಣಿಯದಿದ್ದರೆ ವೊಲ್ಕೆನೊ ಫ್ಲಾಟ್ ಕೂಡ ಆಲ್ಪ್ ಆಗುತ್ತದೆ. ಹೊರಗೆ ಚಳಿಯಿದೆ, ಫ್ಯಾನ್ ಯಾಕೆ ಎಂದು ಅವ್ವ ಈಗಲೂ ಗದರುತ್ತಾರೆ. ಸವಾರಿ ಮುಗಿದೊಡನೆ ಅದನ್ನು ಆರಿಸಿ ಮೈ ಒರೆಸಿಕೊಳ್ಳುವ ಷರತ್ತಿನ ಮೇಲೆ ನಮ್ಮಿಬ್ಬರಲ್ಲಿ ರಾಜಿಯಾಗಿದೆ.

ಭಾವನಿಗೆ ವೇಗದ ಸೆನ್ಸರ್ ಇನ್ನೂ ಬಂದಿಲ್ಲ. ಅದು ಬಂದ ಮೇಲೆ ವೊಲ್ಕೆನೊ ಫ್ಲಾಟ್ ಒಂದು ಸುತ್ತು, ಭಾನುವಾರ ಬೆಳಿಗ್ಗೆ ಏಳಕ್ಕೆ, ಅವರು ಗೋಣಿಕೊಪ್ಪದಿಂದ, ನಾನು ಇಲ್ಲಿಂದ. ಕರೆಂಟು ಎರಡೂ ಕಡೆ ಇರಬೇಕು.