ಕೆಳಗೆ ಯಾರ ಹೆಸರಿದೆ?

ಸಂಜೆ ಐದಕ್ಕೆ ಡಾಕ್ಟರು ನಮ್ಮ ಯಜಮಾನರ ಮೊಣಕಾಲಿನ ಎಂಆರ್‌ಐಗೆ ವಿಮಾ ಕಂಪನಿಯ ಪೂರ್ವಾನುಮತಿ ಕೇಳಿದ್ದರು. ರಾತ್ರಿ ಅನ್ನ ಬಡಿಸುವ ಹೊತ್ತಿಗೆ ಮೊಬೈಲಿಗೆ ಉತ್ತರ ಬಂದೇಬಿಟ್ಟಿತು: 'ವೈದ್ಯಕೀಯವಾಗಿ ಅಗತ್ಯವಿಲ್ಲ. ಮೊದಲು ಆರು ವಾರ ಫಿಸಿಯೋಥೆರಪಿ ಮಾಡಿಸಿ.' ಆ ಆರು ವಾರ ಮುಗಿದು ಹದಿನೈದು ದಿನವಾಗಿತ್ತು. ಕಳಿಸಿದ ಕಾಗದಗಳಲ್ಲಿ ಅದು ತಾರೀಖಿನ ಸಮೇತ ಇತ್ತು. ಅದನ್ನು ಮನುಷ್ಯರು ಓದಿದರೋ, ಯಂತ್ರ ಓದಿತೋ?

ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ಕಾನೂನಿದೆ. ಸೆನೆಟರ್ ಜಾಶ್ ಬೆಕರ್ ಮಂಡಿಸಿದ ಎಸ್‌ಬಿ 1120, 2025ರ ಜನವರಿ 1ರಿಂದ ಜಾರಿಯಲ್ಲಿದೆ. ವಿಮಾ ಕಂಪನಿ ಕೃತಕ ಬುದ್ಧಿಮತ್ತೆಯನ್ನು ಬಳಸಬಹುದು. ಆದರೆ ಚಿಕಿತ್ಸೆ ಅಗತ್ಯವಿಲ್ಲವೆಂದು ನಿರಾಕರಿಸುವ ತೀರ್ಮಾನವನ್ನು ಪರವಾನಗಿ ಪಡೆದ ವೈದ್ಯರು ಅಥವಾ ಅರ್ಹ ತಜ್ಞರೇ ಮಾಡಬೇಕು. ಯಂತ್ರವೂ ಸಾವಿರಾರು ಜನರ ಸರಾಸರಿಯನ್ನಷ್ಟೇ ನೆಚ್ಚಿಕೊಳ್ಳದೆ ಈ ರೋಗಿಯ ಇತಿಹಾಸವನ್ನು ನೋಡಬೇಕು. ಡಾಕ್ಟರಿಗೆ ಹೋಗುವ ನಿರಾಕರಣೆ ಪತ್ರದಲ್ಲಿ ಹಾಗೆ ತೀರ್ಮಾನಿಸಿದವರ ಹೆಸರು, ಫೋನ್ ಸಂಖ್ಯೆ ಇರಬೇಕೆಂಬ ನಿಯಮ ಇಲ್ಲಿ ಮೊದಲಿನಿಂದಲೂ ಇದೆ.

ನಮ್ಮನ್ನು ಕಾಪಾಡಿದ್ದು ಆ ಫೋನ್ ಸಂಖ್ಯೆ. ಡಾಕ್ಟರು ಕರೆ ಮಾಡಿ, ಫಿಸಿಯೋಥೆರಪಿಯ ಪುಟವನ್ನು ತೆರೆಸಿ ಓದಿಸಿದರು. ಮೂರನೆಯ ದಿನ ಅನುಮತಿ ಬಂತು. ಬಾರದಿದ್ದರೆ ರಾಜ್ಯದ ಇಲಾಖೆಯ ಮೂಲಕ ಹೊರಗಿನ ವೈದ್ಯರಿಂದ ಮರುಪರಿಶೀಲನೆ ಕೇಳಬಹುದಿತ್ತು, ಅದಕ್ಕೆ ಶುಲ್ಕವಿಲ್ಲ.

ಭಾರತದ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜ್ ದಿನ ಟಿಪಿಎ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆಯ ಒಪ್ಪಿಗೆಗಾಗಿ ಬಿಲ್ಲಿಂಗ್ ಕೌಂಟರಿನ ಮುಂದೆ ಕಾದವರಿಗೆ ಈ ಸಂಕಟ ಹೊಸದಲ್ಲ. ಅಲ್ಲಿಯೂ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ, ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದೆಂದು ಹೇಳಿದೆ. ತಿರಸ್ಕಾರ ಬಂದರೆ ಸುಮ್ಮನೆ ಬಿಡಬೇಡಿ, ಕಾರಣವನ್ನು ಬರಹದಲ್ಲಿ ಕೇಳಿ.

ನನಗೆ ಸಂಕಟವಾಗುವುದು ಇನ್ನೊಂದು ಕಾರಣಕ್ಕೆ. ಯಜಮಾನರದು ಸಣ್ಣ ಕಂಪನಿ, ವಿಮೆಯನ್ನು ಕೊಂಡುಕೊಟ್ಟಿದೆ. ಹಾಗಾಗಿ ರಾಜ್ಯದ ಕಾನೂನು ನಮಗೆ ಸಿಕ್ಕಿತು. ನಮ್ಮವರು ಹೆಚ್ಚಾಗಿ ದುಡಿಯುವ ದೊಡ್ಡ ಕಂಪನಿಗಳಲ್ಲಿ ಬಹುಪಾಲು ತಾವೇ ಆಸ್ಪತ್ರೆ ಖರ್ಚನ್ನು ಭರಿಸುತ್ತವೆ, ವಿಮಾ ಕಂಪನಿ ಕಾಗದಪತ್ರವನ್ನಷ್ಟೇ ನೋಡಿಕೊಳ್ಳುತ್ತದೆ. ಅಂಥ ಯೋಜನೆಗಳು ಅಮೆರಿಕದ 1974ರ ಕೇಂದ್ರ ಕಾನೂನಿನ ಅಡಿಯಲ್ಲಿವೆ. ಎಸ್‌ಬಿ 1120 ಅವುಗಳನ್ನು ಮುಟ್ಟುವುದಿಲ್ಲ. ಪಕ್ಕದ ಮನೆಯ ಹಾಸನದ ಹುಡುಗಿಗೂ ಕಳೆದ ವಾರ ಅದೇ ಒಕ್ಕಣೆಯ ಪತ್ರ ಬಂದಿದೆ. ಅವಳದು ದೊಡ್ಡ ಕಂಪನಿ. ನಾಳೆ ಇಬ್ಬರೂ ಕೂತು ಅವಳ ಮೇಲ್ಮನವಿ ಬರೆಯುತ್ತೇವೆ.