ಹೆಬ್ಬಟ್ಟಿನ ಹಾಜರಿ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಝೆರಾಕ್ಸು, ಪಹಣಿ, ಜಾತಿ-ಆದಾಯದ ಅರ್ಜಿ, ಪಿಎಂ ಕಿಸಾನ್ ಇ-ಕೆವೈಸಿ, ಪೆನ್ಷನ್‌ನವರ ಜೀವನ ಪ್ರಮಾಣ. ದಿನಕ್ಕೆ ಏನಿಲ್ಲವೆಂದರೂ ಇಪ್ಪತ್ತು-ಮೂವತ್ತು ಮಂದಿ ನನ್ನ ಟೇಬಲ್ ಮೇಲಿನ ಮಷಿನ್‌ಗೆ ಹೆಬ್ಬೆರಳು ಒತ್ತಿ ಹೋಗುತ್ತಾರೆ.

ಹೋದ ವಾರ ಅಮರಗೋಳದ ಎಪಿಎಂಸಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಕ್ಕ ಒಬ್ಬರು ಬಂದಿದ್ದರು. ಹೆಬ್ಬೆರಳು ತಗೊಳ್ಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಎಣ್ಣೆ ಪಸೆ ಹತ್ತಲಿ ಅಂತ ಅವರು ಬೆರಳನ್ನು ತಲೆಗೆ ಉಜ್ಜಿಕೊಂಡರು. ಎಡಗೈ ಇಟ್ಟರು, ಅದೂ ಇಲ್ಲ. ಬೆರಳ ತುದಿ ಸೋಪಿನ ತುಂಡಿನ ಹಾಗೆ ನುಣ್ಣಗಾಗಿತ್ತು, ಗೆರೆಗಳು ಸವೆದೇ ಹೋಗಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಮೆಣಸಿನಕಾಯಿಯ ಕೆಂಪು ಉಳಿದಿತ್ತು. "ನಾ ನಾನ ಅದೀನಲ್ಲೋ ತಮ್ಮಾ, ಈ ಡಬ್ಬಿಗ್ಯಾಕ ತಿಳೀವಲ್ದು?" ಅಂದರು. ನಾಳೆ ಮುಂಜಾನೆ, ಕೆಲಸಕ್ಕೆ ಹೋಗುವುದಕ್ಕಿಂತ ಮೊದಲು ಬರ್ರಿ ಅಕ್ಕಾ ಅಂತ ಹೇಳಿ ಕಳಿಸಿದೆ. ಅವರು ಹೋದ ಮೇಲೆ ನಮ್ಮ ಆಯಿ ನೆನಪಾದಳು.

ಆಯಿ, ಅಂದರೆ ನಮ್ಮಪ್ಪನ ಅವ್ವ, ಹುಟ್ಟಿದ್ದು ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ. ಇವತ್ತಿಗೂ ಆಟೋದವರಿಗೆ ಸೆಟ್ಲಮೆಂಟ್ ಅಂದರೆ ಸಾಕು, ತಂದು ಇಳಿಸುತ್ತಾರೆ. ಆ ಹೆಸರು ಯಾಕೆ ಬಂತು ಅನ್ನುವುದು ಊರಿನ ಬಹಳ ಮಂದಿಗೆ ಗೊತ್ತಿಲ್ಲ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ, ಕೆಲವು ಜಾತಿಗಳ ಜನರನ್ನು ಹುಟ್ಟುಗಳ್ಳರು ಅಂತ ಪಟ್ಟಿಗೆ ಹಾಕಿದರು. 1911ರಲ್ಲಿ ಅದನ್ನು ಇಡೀ ದೇಶಕ್ಕೆ ಹಬ್ಬಿಸಿದರು. ಪಟ್ಟಿಯಲ್ಲಿದ್ದವರ ಬೆರಳಚ್ಚು ತೆಗೆಯುವ ಅಧಿಕಾರವೂ ಆ ಕಾಯ್ದೆಯಲ್ಲಿತ್ತು. ಮುಂಬೈ ಪ್ರಾಂತದವರು ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟ್ ತೆರೆದು ಜನರನ್ನು ಒಳಗೆ ಹಾಕಿದರು. ಹಗಲು ಮಿಲ್ಲಿನಲ್ಲಿ, ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯಬೇಕು. ಹೊತ್ತಿಗೆ ಸರಿಯಾಗಿ ಬಂದು ಹಾಜರಿ ಕೊಡಬೇಕು. ನೆಂಟರ ಊರಿಗೆ ಹೋಗಬೇಕೆಂದರೆ ಪಾಸು.

"ನಮ್ಮಪ್ಪ ಸತ್ತಾಗೂ ಮೊದಲ ಹಾಜರಿ, ಆಮ್ಯಾಲ ಮಣ್ಣು," ಅನ್ನುತ್ತಿದ್ದಳು ಆಯಿ.

ತಪ್ಪು ಮಾಡದವನಿಗೆ ಯಾಕೆ ಅಂಜಿಕೆ ಅಂತ ನನ್ನ ಸೆಂಟರಿಗೆ ಬರುವವರೇ ಕೇಳುತ್ತಾರೆ. ಎಷ್ಟು ಸಲ ಕೇಳಿಸಿಕೊಂಡಿದ್ದೇನೋ. ಬೇಲಿಯ ಒಳಗೆ ಹುಟ್ಟಿದ ಕೂಸು ಏನು ತಪ್ಪು ಮಾಡಿತ್ತು ಅಂತ ನಾನು ತಿರುಗಿ ಕೇಳುತ್ತೇನೆ.

ಈ ಬೆರಳಚ್ಚಿನ ಕಥೆ ಹುಡುಕಿಕೊಂಡು ಹೋದರೆ ನಮ್ಮ ದೇಶಕ್ಕೇ ಬಂದು ಮುಟ್ಟುತ್ತದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಅನ್ನುವ ಇಂಗ್ಲಿಷ್ ಅಧಿಕಾರಿ ಒಬ್ಬ ಗುತ್ತಿಗೆದಾರನ ಕರಾರಿನ ಮೇಲೆ ಅವನ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡ. ಅದೇ ವರ್ಷ ಇಲ್ಲಿ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದರು. ದತ್ತು ಮಗನಿಗೆ ಸಂಸ್ಥಾನ ಕೊಡುವುದಿಲ್ಲ ಅಂತ ಕಂಪನಿ ಸರ್ಕಾರ ಹಟ ಹಿಡಿದದ್ದಕ್ಕೆ ಅವನು ತಿರುಗಿಬಿದ್ದಿದ್ದ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಸಾವಿರಾರು ಅಚ್ಚುಗಳಲ್ಲಿ ಒಂದನ್ನು ಹುಡುಕಿ ತೆಗೆಯುವ ಲೆಕ್ಕಾಚಾರ ಕೂಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಹೋದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. 1901ರಲ್ಲಿ ಅವನು ಅದನ್ನು ಲಂಡನ್ ಪೊಲೀಸರಿಗೆ ಒಯ್ದ. ಆಳಿಸಿಕೊಳ್ಳುವವರ ಕೈಮೇಲೆ ಕಲಿತ ವಿದ್ಯೆ ಆಳುವವರ ಊರಿಗೆ ಹೋಗಿ ಅಲ್ಲಿನವರ ಬೆರಳನ್ನೂ ಹಿಡಿಯಿತು.

ಇರಾಕಿನ ಬಗ್ಗೆ ಓದುವಾಗ ನನಗೆ ಮತ್ತೆ ಇದೇ ಕಂಡಿತು. 2003ರಲ್ಲಿ ಅಮೆರಿಕ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಹೇಳಿ ದಂಡೆತ್ತಿ ಹೋಯಿತು. ಅಸ್ತ್ರ ಸಿಗಲಿಲ್ಲ. 2004ರ ಕೊನೆಗೆ ಫಲ್ಲೂಜಾ ಊರನ್ನು ಬಡಿದು ಕೆಡವಿದ ಮೇಲೆ, ತಮ್ಮ ಮನೆಗೆ ತಾವು ವಾಪಸ್ ಬರುವ ಜನರ ಬೆರಳಚ್ಚು ತೆಗೆದು, ಕಣ್ಣು ಸ್ಕ್ಯಾನ್ ಮಾಡಿ, ಗುರುತಿನ ಚೀಟಿ ಕೊಟ್ಟು ಒಳಗೆ ಬಿಟ್ಟರು. ಅದನ್ನು ಓದಿದಾಗ ನನಗೆ ಪರದೇಶ ಅನ್ನಿಸಲಿಲ್ಲ. ಬೇಲಿ, ಪಾಸು, ಹಾಜರಿ, ಎಲ್ಲ ಆಯಿ ಹೇಳಿದ್ದೇ. ಅಫ್ಘಾನಿಸ್ತಾನದಲ್ಲೂ ಹೀಗೇ ಲಕ್ಷಗಟ್ಟಲೆ ಜನರ ಗುರುತು ಕೂಡಿಹಾಕಿದರು. 2021ರ ಆಗಸ್ಟ್‌ನಲ್ಲಿ ಸೈನ್ಯ ಹೊರಟುಹೋಯಿತು, ಆ ಮಷಿನ್‌ಗಳು ತಾಲಿಬಾನ್ ಕೈಸೇರಿದವು. ವಿದೇಶಿಯರಿಗೆ ದುಭಾಷಿಯಾಗಿ ದುಡಿದವನು ತನ್ನ ಹೆಸರು ಬದಲಿಸಬಹುದು, ಊರು ಬಿಡಬಹುದು. ಕಣ್ಣನ್ನು ಎಲ್ಲಿ ಬಿಟ್ಟು ಹೋಗುತ್ತಾನೆ?

ಯುದ್ಧ ಅಮೆರಿಕದವರ ಮನೆಗೂ ಬಂತು. 2001ರ ಅಕ್ಟೋಬರ್‌ನಲ್ಲಿ ಭಯೋತ್ಪಾದಕರ ಹೆಸರಲ್ಲಿ ಮಾಡಿದ ಪೇಟ್ರಿಯಟ್ ಕಾಯ್ದೆಯ ಒಂದು ಕಲಮು ಹಿಡಿದು, ಅಲ್ಲಿನ ಸಾಮಾನ್ಯ ಜನ ಯಾರಿಗೆ ಫೋನ್ ಮಾಡಿದರು, ಯಾವಾಗ, ಎಷ್ಟು ನಿಮಿಷ ಅನ್ನುವುದನ್ನೆಲ್ಲ ಸರ್ಕಾರ ಕೂಡಿಡುತ್ತಿತ್ತು. 2013ರ ಜೂನ್‌ನಲ್ಲಿ, ಅಲ್ಲಿನ ಗುಪ್ತಚರ ಸಂಸ್ಥೆಗೆ ದುಡಿದಿದ್ದ ಎಡ್ವರ್ಡ್ ಸ್ನೋಡೆನ್ ಈ ಗುಟ್ಟನ್ನು ಹೊರಗೆ ಹಾಕದಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ನಮ್ಮಲ್ಲಿ ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಸರ್ಕಾರದ ಎದುರು ನಿಂತದ್ದಕ್ಕೆ ಅವರ ಮೇಲೆ ನನಗೆ ದೊಡ್ಡ ಗೌರವ. 2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಮರುವರ್ಷ ಸಿಮ್‌ಗೂ ಬ್ಯಾಂಕ್ ಖಾತೆಗೂ ಆಧಾರ್ ಕಡ್ಡಾಯ ಮಾಡಬಾರದು ಅನ್ನುವ ತೀರ್ಪು ಬಂತು. ಆದರೆ ಸರ್ಕಾರದ ಸವಲತ್ತುಗಳಿಗೆ ಆಧಾರ್ ಉಳಿಯಿತು. ಅಂದರೆ ರೇಶನ್, ಪೆನ್ಷನ್ ಕೇಳಿಕೊಂಡು ನನ್ನ ಸೆಂಟರಿಗೆ ಬರುವವರು ಬೆರಳು ಒತ್ತುವುದು ತಪ್ಪಲಿಲ್ಲ. 2022ರಲ್ಲಿ ಇನ್ನೊಂದು ಕಾಯ್ದೆ ಬಂತು. ಬಂಧಿತರ ಬೆರಳಚ್ಚು, ಕಣ್ಣಿನ ಸ್ಕ್ಯಾನ್ ತೆಗೆದು 75 ವರ್ಷ ಇಟ್ಟುಕೊಳ್ಳಲು ಅದರಲ್ಲಿ ಅವಕಾಶವಿದೆ.

75 ವರ್ಷ ಅಂದಾಗ ನನಗೆ ನಮ್ಮ ಕಾಕಾನ ಮಗ ಕಣ್ಣಮುಂದೆ ಬರುತ್ತಾನೆ. ಎಲ್ಲೋ ಒಂದು ಕಳವು ಆಗಿತ್ತು. ಠಾಣೆಗೆ ಕರೆಸಿ ಅವನ ವಿಳಾಸ ನೋಡಿದರು, ಹತ್ತೂ ಬೆರಳಿಗೆ ಮಸಿ ಹಚ್ಚಿದರು, ರಾತ್ರಿ ಬಿಟ್ಟರು. ಕಳ್ಳ ಬೇರೆ ಸಿಕ್ಕ. ಇವನ ಬೆರಳಚ್ಚಿನ ಹಾಳೆ ಏನಾಯಿತು ಅಂತ ಕೇಳಲು ಹೋಗುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ. 2024ರ ಅಕ್ಟೋಬರ್ 3ರಂದು ವಿಮುಕ್ತ ಬುಡಕಟ್ಟಿನವರನ್ನು, ಅಂದರೆ ಆ ಹಳೆಯ ಪಟ್ಟಿಯಿಂದ ಬಿಡುಗಡೆಯಾದ ನಮ್ಮಂಥವರನ್ನು, ಮನಸ್ಸಿಗೆ ಬಂದ ಹಾಗೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದಾಗ, ಆ ಸುದ್ದಿಯ ಪ್ರಿಂಟ್ ತೆಗೆದು ಅವನಿಗೆ ಕೊಟ್ಟೆ. ಮಡಚಿ ಪಾಕೀಟಿನಲ್ಲಿ ಇಟ್ಟುಕೊಂಡಿದ್ದಾನೆ.

ಆ ಹಳೆಯ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಆಯಿಗೆ ಆಗ ಇಪ್ಪತ್ತರ ಆಸುಪಾಸು. ಆಮೇಲೆ ಆಕೆ ಹಟ ಹಿಡಿದು ಸಹಿ ಕಲಿತಳು, ಮಕ್ಕಳ ಪಾಟಿಯ ಮೇಲೆ ತಿದ್ದಿ ತಿದ್ದಿ. ರೇಶನ್ ಕಾರ್ಡಿಗಿರಲಿ, ಬ್ಯಾಂಕಿಗಿರಲಿ, ನಿಧಾನಕ್ಕೆ, ನಾಲ್ಕು ಅಕ್ಷರ, ಕೊನೆಗೆ ಒಂದು ಚುಕ್ಕಿ. ಹೆಬ್ಬಟ್ಟು ಒತ್ತಬೇಕು ಅಂದರೆ ಎದ್ದು ಬರುತ್ತಿದ್ದಳು.

2019ರಲ್ಲಿ ಪೆನ್ಷನ್ ಸಲುವಾಗಿ ನಾನೇ ಆಕೆಯನ್ನು ಸೆಂಟರಿಗೆ ಕರೆತಂದೆ. ಸಹಿ ಮಾಡ್ತೀನಿ, ಪೆನ್ ಕೊಡು ಅಂದಳು. "ಇದಕ್ಕ ಸಹಿ ನಡ್ಯೂದಿಲ್ಲ ಆಯಿ," ಅಂದೆ. ಬಹಳ ಹೊತ್ತು ಮಷಿನ್ ನೋಡುತ್ತ ಕೂತಳು. ಆಕೆಯ ಕೈ ಹಿಡಿದು, ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿದವನು ನಾನೇ. ಐದನೇ ಸಲಕ್ಕೆ ತಗೊಂಡಿತು.

ಆಯಿ ಎದ್ದು ಹೊರಗಿನ ನಳಕ್ಕೆ ಹೋದಳು. ಬೆರಳಿಗೆ ಮಸಿ ಏನೂ ಹತ್ತಿರಲಿಲ್ಲ. ಆದರೂ ಸೋಪು ಕೇಳಿ ಇಸಗೊಂಡು ಹೆಬ್ಬೆರಳು ತೊಳೆದಳು. ಸೀರೆಯ ಸೆರಗಿಗೆ ಒರೆಸಿಕೊಂಡು, ಮತ್ತೊಮ್ಮೆ ತೊಳೆದಳು.